ಹಿಂಗಾರಿ ಹೊಲದಿಂದ ಹಿತ್ತಲಿಗೆ: ಎರೆ ನೆಲದಲ್ಲಿ ಶರತ್ಕಾಲದ ತೋಟ

ಕಲಬುರಗಿ: ಮಹಾನವಮಿ ಸಮೀಪಿಸಿತೆಂದರೆ ಆಳಂದ, ಅಫಜಲಪುರ ಹಾಗೂ ಜೇವರ್ಗಿ ಸೀಮೆಯ ಮನೆಗಳಲ್ಲಿ ಸ್ವಚ್ಛತೆಯ ಗಡಿಬಿಡಿ ಆರಂಭವಾಗುತ್ತದೆ. ಹಾಸಿಗೆ-ಹೊದಿಕೆಗಳು ಹಳ್ಳಕ್ಕೆ ಹೋಗುತ್ತವೆ, ಗೋಡೆಗಳು ಸುಣ್ಣ-ಬಣ್ಣ ಕಾಣುತ್ತವೆ. ಅದರ ಬೆನ್ನಿಗೇ ಹಿತ್ತಲಿಗೂ ಕುಡುಗೋಲು ಮತ್ತು ಸಲಿಕೆ ಇಳಿಯುತ್ತವೆ. ಉತ್ತರಾ ಮತ್ತು ಹಸ್ತ ಮಳೆಗೆ ಎದೆಮಟ್ಟ ಬೆಳೆದ ಹುಲ್ಲು, ಹೂಬಿಟ್ಟ ತುಂಬೆ, ಕಾಯಿಕಟ್ಟಿದ ತಂಗಡಿ ಎಲ್ಲವೂ ಒಂದೇ ದಿನದಲ್ಲಿ ಕೊಯ್ಲಾಗಿ, ಮೂಲೆಯಲ್ಲಿ ಗುಡ್ಡೆಯಾಗಿ, ಸಂಜೆಯ ಹೊತ್ತಿಗೆ ಬೆಂಕಿ ಪಾಲಾಗುತ್ತವೆ. ಹಬ್ಬದ ದಿನ ಹಿತ್ತಲು ತೊಳೆದಿಟ್ಟ ತಾಟಿನಂತೆ ಕಾಣುವುದು ನಿಜ. ಆದರೆ ಮಾಘ ಮಾಸ ಬರುವಷ್ಟರಲ್ಲಿ ಅದೇ ನೆಲ ಕೈಬೆರಳು ಇಳಿಯುವಷ್ಟು ಅಗಲವಾಗಿ ಬಿರುಕು ಬಿಟ್ಟಿರುತ್ತದೆ.

ಇಲ್ಲಿಯೇ ಒಂದು ಒಗಟು ಇದೆ. ಅದೇ ಊರಿನ ಹೊರಗೆ, ಅದೇ ಕಪ್ಪು ಮಣ್ಣಿನಲ್ಲಿ, ಹಿಂಗಾರಿ ಜೋಳವು ಒಂದು ಹನಿ ನೀರನ್ನೂ ಹಾಯಿಸಿಕೊಳ್ಳದೆ ಆಳೆತ್ತರ ಬೆಳೆದು ತೆನೆ ಕಟ್ಟುತ್ತದೆ. ಹಿತ್ತಲಿನ ಗುಲಾಬಿ ಗಿಡವಾದರೋ ದಿನಕ್ಕೆರಡು ಕೊಡ ನೀರು ಕುಡಿದೂ ಎಲೆ ಹಳದಿಯಾಗಿಸಿಕೊಂಡು ನಿಲ್ಲುತ್ತದೆ. ಮಣ್ಣು ಒಂದೇ, ಮಳೆ ಒಂದೇ. ವ್ಯತ್ಯಾಸವಿರುವುದು ಮಳೆ ಮುಗಿಯುವ ಆ ಆರೇಳು ವಾರಗಳಲ್ಲಿ ನೆಲವನ್ನು ನಡೆಸಿಕೊಳ್ಳುವ ರೀತಿಯಲ್ಲಿ. ರೈತನಿಗೆ ಅದು ತೇವವನ್ನು ಬಂಧಿಸಿಡುವ ಕಾಲ. ಮನೆಯವರಿಗೆ ಅದು ಕಸ ತೆಗೆಯುವ ಕಾಲ.

ಜಗತ್ತಿನ ಬೇರೆ ಬೇರೆ ದೇಶಗಳಲ್ಲಿ ಇಂದು ‘ನಿಸರ್ಗ ಮಾದರಿ ತೋಟ’ ಎಂದು ಕರೆಸಿಕೊಳ್ಳುವ ಉದ್ಯಾನ ವಿನ್ಯಾಸದ ಪಂಥವು ಹೇಳುವ ಮಾತು, ಈ ಮೂರು ತಾಲ್ಲೂಕುಗಳ ಒಣಬೇಸಾಯಗಾರನು ತಲೆಮಾರುಗಳಿಂದ ಮಾಡುತ್ತ ಬಂದ ಕೆಲಸಕ್ಕೆ ಬಹಳ ಹತ್ತಿರದಲ್ಲಿದೆ ಎಂಬುದು ಗಮನಿಸಬೇಕಾದ ಸಂಗತಿ.

ಏನಿದು ನಿಸರ್ಗ ಮಾದರಿ?

ಐರ್ಲೆಂಡ್ ಮೂಲದ ತೋಟಗಾರ ವಿಲಿಯಂ ರಾಬಿನ್ಸನ್ 1870ರಲ್ಲಿ ಪ್ರಕಟಿಸಿದ ‘ದಿ ವೈಲ್ಡ್ ಗಾರ್ಡನ್’ ಎಂಬ ಪುಸ್ತಕದಿಂದ ಈ ವಿಚಾರಕ್ಕೆ ವ್ಯಾಪಕ ಪ್ರಚಾರ ದೊರೆಯಿತು. ಋತುವಿಗೊಮ್ಮೆ ಹೂಗಿಡಗಳನ್ನು ಕಿತ್ತು ಹೊಸದಾಗಿ ನೆಡುವ, ರತ್ನಗಂಬಳಿಯಂತೆ ಪಾತಿ ಜೋಡಿಸುವ ಅಂದಿನ ಪದ್ಧತಿಯನ್ನು ಆತ ವಿರೋಧಿಸಿದ. ನೆಲಕ್ಕೆ ಒಗ್ಗುವ ಗಿಡಗಳನ್ನು ಹಾಕಿ, ಅವು ತಮ್ಮ ಪಾಡಿಗೆ ತಾವು ಬಾಳುವಂತೆ ಬಿಡಬೇಕೆಂಬುದು ಆತನ ವಾದ. ನಮ್ಮ ಕಾಲದಲ್ಲಿ ಈ ಪಂಥದ ಅತಿ ಪ್ರಸಿದ್ಧ ಹೆಸರು ನೆದರ್‌ಲೆಂಡ್ಸ್‌ನ ಪೀಟ್ ಔಡಾಲ್ಫ್ ಅವರದು. ಷಿಕಾಗೋ ನಗರದಲ್ಲಿ 2004ರಲ್ಲಿ ತೆರೆದ ಲೂರಿ ಗಾರ್ಡನ್ ಮತ್ತು ನ್ಯೂಯಾರ್ಕ್‌ನಲ್ಲಿ ಪಾಳುಬಿದ್ದ ಮೇಲ್ಸೇತುವೆಯ ರೈಲುಹಳಿಯ ಮೇಲೆ 2009ರಿಂದ ಹಂತಹಂತವಾಗಿ ತೆರೆದ ಹೈ ಲೈನ್ ಉದ್ಯಾನಗಳಲ್ಲಿ ಗಿಡಗಳ ಯೋಜನೆ ಅವರದೇ. ಹೈ ಲೈನ್‌ನಲ್ಲಂತೂ, ರೈಲು ನಿಂತ ಮೇಲೆ ಹಳಿಗಳ ನಡುವೆ ತಾನಾಗಿ ಹುಟ್ಟಿದ್ದ ಹುಲ್ಲು-ಕಳೆಯ ಸೊಗಸೇ ಇಡೀ ವಿನ್ಯಾಸಕ್ಕೆ ಪ್ರೇರಣೆಯಾಯಿತು.

ಈ ಪದ್ಧತಿಯ ತಿರುಳನ್ನು ನೇಯ್ಗೆಯ ಭಾಷೆಯಲ್ಲಿ ಹೇಳುವುದು ಸುಲಭ. ಗಂಟೆಗಂಟೆಯಾಗಿ ಬೆಳೆಯುವ ಹುಲ್ಲುಗಳು ಹಾಸು, ನಡುನಡುವೆ ಗುಂಪಾಗಿ ಬರುವ ಹೂಗಿಡಗಳು ಹೊಕ್ಕು. ಒಂದೊಂದು ಗಿಡವನ್ನೂ ಬೇರೆ ಬೇರೆ ಪಾತಿಯಲ್ಲಿ ಕೂರಿಸದೆ, ಒಂದರ ಬುಡವನ್ನು ಇನ್ನೊಂದು ಮುಚ್ಚುವಂತೆ ಒತ್ತಾಗಿ ಬೆಳೆಸಲಾಗುತ್ತದೆ. ನೆಲ ಎಲ್ಲಿಯೂ ಬಿಸಿಲಿಗೆ ಬೆತ್ತಲಾಗಿ ಕಾಣಬಾರದು. ಹೂವಿನ ಬಣ್ಣಕ್ಕಿಂತ ಗಿಡದ ಆಕಾರಕ್ಕೆ ಹೆಚ್ಚಿನ ಮಹತ್ವ. ಒಣಗಿದ ಮೇಲೂ ಕಡ್ಡಿ, ತೆನೆ, ಬೀಜಗಳು ನೋಟಕ್ಕೆ ನಿಲ್ಲುವ ಗಿಡಗಳಿಗೆ ಮೊದಲ ಮಣೆ. ಶರತ್ಕಾಲದಲ್ಲಿ ಒಣಗಿದ್ದನ್ನು ಕೂಡಲೇ ಕತ್ತರಿಸುವುದಿಲ್ಲ. ಚಳಿಗಾಲ ಮುಗಿಯುವವರೆಗೆ ಹಾಗೆಯೇ ಬಿಟ್ಟು, ಹೊಸ ಚಿಗುರಿಗೆ ಮುನ್ನ ಕತ್ತರಿಸಿ ಅಲ್ಲಿಯೇ ಹರಡುವುದೂ ಉಂಟು.

ಇಷ್ಟು ಓದಿ ಯಾರಾದರೂ ಆ ವಿದೇಶಿ ತೋಟಗಳ ಗಿಡಗಳನ್ನೇ ತರಿಸಿ ಅಫಜಲಪುರದಲ್ಲಿ ನೆಟ್ಟರೆ ಹಣ ಹಾಳು. ಅವುಗಳಲ್ಲಿ ಹೆಚ್ಚಿನವು ಹಿಮ ಬೀಳುವ ಚಳಿಗಾಲಕ್ಕೆ ಹೊಂದಿಕೊಂಡವು, ಇಲ್ಲಿನ 43-44 ಡಿಗ್ರಿ ಬೇಸಿಗೆಗೆ ಬಾಳುವಂಥವಲ್ಲ. ಎರವಲು ತರಬೇಕಾದುದು ನಿಯಮವನ್ನು, ಗಿಡವನ್ನಲ್ಲ. ಈ ಮಾತಿಗೆ ಕರ್ನಾಟಕದಲ್ಲಿಯೇ ಒಂದು ಹಳೆಯ ನಿದರ್ಶನವಿದೆ. ಜರ್ಮನಿಯಿಂದ ಬಂದು ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ಗುಸ್ಟಾವ್ ಹರ್ಮನ್ ಕ್ರುಂಬಿಗಲ್, ಬೆಂಗಳೂರಿನ ಬೀದಿಗಳಲ್ಲಿ ಒಂದರ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿ ನೆಡಿಸಿದರು. ಅವರು ಯುರೋಪಿನ ಋತುಗಳನ್ನು ಇಲ್ಲಿ ಹುಡುಕದೆ, ಇಲ್ಲಿನ ತಿಂಗಳುಗಳನ್ನು ಎಣಿಸಿದರು.

ಎಲೆ ಉದುರದ ಶರತ್ಕಾಲ

ಆಶ್ವಯುಜ ಮತ್ತು ಕಾರ್ತಿಕ ಮಾಸಗಳು ಸೇರಿ ಶರದೃತು. ಪಾಶ್ಚಾತ್ಯ ಚಿತ್ರಗಳಲ್ಲಿ ಕಾಣುವ ಶರತ್ಕಾಲವೆಂದರೆ ಕೆಂಪು-ಹಳದಿ ಎಲೆಗಳ ರಾಶಿ. ಅಲ್ಲಿನ ಮರಗಳು ಬರಲಿರುವ ಕೊರೆಯುವ ಚಳಿಗೆ ಹೆದರಿ ಎಲೆ ಕಳಚುತ್ತವೆ. ಬಯಲುಸೀಮೆಯ ಮರಗಳಿಗೆ ಹೆದರಿಕೆ ಇರುವುದು ಚಳಿಯದಲ್ಲ, ನೀರಿನ ಅಭಾವದ್ದು. ಆದ್ದರಿಂದಲೇ ಬೇವು ಎಲೆ ಉದುರಿಸುವುದು ಮಾಘ-ಫಾಲ್ಗುಣದಲ್ಲಿ. ಯುಗಾದಿಯ ಹೊತ್ತಿಗೆ ಅದು ಮತ್ತೆ ತಳಿರು, ಹೂವು ತಳೆದಿರುತ್ತದೆ.

ಹಾಗಾದರೆ ಇಲ್ಲಿ ಅಕ್ಟೋಬರ್ ಮತ್ತು ನವೆಂಬರ್ ಎಂದರೇನು? ಬೀಜದ ಕಾಲ. ಕಲಬುರಗಿ ಜಿಲ್ಲೆಯ ವಾರ್ಷಿಕ ಮಳೆ 700ರಿಂದ 800 ಮಿಲಿ ಮೀಟರ್ ಆಸುಪಾಸು. ಅದರಲ್ಲಿ ಸೆಪ್ಟೆಂಬರ್ ತಿಂಗಳ ಪಾಲು ದೊಡ್ಡದು. ಕರಾವಳಿಯಲ್ಲಿ ಮಳೆ ಇಳಿಮುಖವಾಗುವ ಹೊತ್ತಿಗೆ ಇಲ್ಲಿ ಅದು ತುಂಬಿ ಸುರಿಯುತ್ತದೆ. ಅಕ್ಟೋಬರ್ ನಡುವಿಗೆ ಮುಂಗಾರು ಹಿಂದೆ ಸರಿದ ಮೇಲೆ ಮುಂದಿನ ಜೂನ್‌ವರೆಗೆ ನಂಬಿಕೊಳ್ಳಬಹುದಾದ ಮಳೆಯೆಂಬುದಿಲ್ಲ. ಹುಲ್ಲು ಮತ್ತು ಸಣ್ಣ ಗಿಡಗಳಿಗೆ ಇದು ಗೊತ್ತು. ನೆಲದಲ್ಲಿ ತೇವವಿರುವಾಗಲೇ ಅವು ಹೂಬಿಟ್ಟು, ಬೀಜ ಕಟ್ಟಿ, ಉದುರಿಸಿ ಒಣಗುತ್ತವೆ. ಇಂಥ ದಿನಗಳಲ್ಲಿ ರಾಟವಾಳದ ಹಿಂಡು ಹುಲ್ಲಿನ ತೆನೆಯ ಮೇಲೆ ಜೋತಾಡುವುದನ್ನು, ಗೀಜಗ, ಗುಬ್ಬಿಗಳು ಬೀಜ ಹೆಕ್ಕುವುದನ್ನು ಕಾಣಬಹುದು. ಮಹಾನವಮಿಯ ಮುನ್ನಾದಿನ ಹಿತ್ತಲು ಬೋಳಿಸಿದವರು ಈ ಅತಿಥಿಗಳ ಎಲೆಯನ್ನೇ ಎತ್ತಿದಂತೆ.

ಇದರಲ್ಲಿ ಒಂದು ವಿನೋದವೂ ಇದೆ. ದೀಪಾವಳಿಯ ಪಾಡ್ಯದಂದು ಸಗಣಿಯ ಪಾಂಡವರನ್ನು ಮಾಡಿ ಉತ್ತರಾಣಿ ಕಡ್ಡಿ ಮತ್ತು ಚೆಂಡು ಹೂ ಸಿಕ್ಕಿಸುವ ರೂಢಿ ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿದೆ. ಇಪ್ಪತ್ತು ದಿನಗಳ ಹಿಂದೆ ಕಸವೆಂದು ಕಿತ್ತೆಸೆದ ಉತ್ತರಾಣಿಯನ್ನು ಅಂದು ಬೆಳಗಿನ ಜಾವ ಮಕ್ಕಳು ಊರೆಲ್ಲ ಹುಡುಕುತ್ತಾರೆ.

ಎರೆ ಮಣ್ಣಿನ ಲೆಕ್ಕ

ಭೀಮಾ ನದಿಯ ಎರಡೂ ದಂಡೆಗಳಲ್ಲಿ, ಅಂದರೆ ಅಫಜಲಪುರ ಮತ್ತು ಜೇವರ್ಗಿ ಭಾಗಗಳಲ್ಲಿ, ಆಳವಾದ ಎರೆ ಭೂಮಿಯೇ ಹೆಚ್ಚು. ಆಳಂದ ತಾಲ್ಲೂಕಿನ ಏರು ಪ್ರದೇಶಗಳಲ್ಲಿ ತೆಳು ಮಣ್ಣಿನ ಮಡ್ಡಿ ಭೂಮಿ, ಕೆಳಗೆ ಗರಸು ಸಿಗುತ್ತದೆ. ಎರಡರ ಸ್ವಭಾವವೂ ಬೇರೆ, ಆದ್ದರಿಂದ ತೋಟವೂ ಬೇರೆಯಾಗಬೇಕು.

ಎರೆ ಮಣ್ಣಿನಲ್ಲಿ ಜೇಡಿಯ ಅಂಶ ಅತ್ಯಧಿಕ. ನೀರು ಕುಡಿದಾಗ ಉಬ್ಬುವ, ಒಣಗಿದಾಗ ಕುಗ್ಗುವ ಜಾತಿಯ ಜೇಡಿ ಅದು. ಒಂದು ಮೀಟರ್ ಆಳದ ಒಳ್ಳೆಯ ಎರೆ ಮಣ್ಣು 150ರಿಂದ 200 ಮಿಲಿ ಮೀಟರ್ ಮಳೆಗೆ ಸಮನಾದಷ್ಟು ನೀರನ್ನು ಬೇರಿಗೆ ದಕ್ಕುವಂತೆ ಹಿಡಿದಿಡಬಲ್ಲದು. ಹಿಂಗಾರಿ ಜೋಳದ ಬದುಕು ನಿಂತಿರುವುದು ಈ ದಾಸ್ತಾನಿನ ಮೇಲೆ. ಸೊಲ್ಲಾಪುರ ಸೀಮೆಯ ಮಾಲದಂಡಿ ಜೋಳವನ್ನು ಉತ್ತರಾ-ಹಸ್ತ ಮಳೆಗಳ ನಡುವೆ ಬಿತ್ತಿದರೆ, ಮೇಲಿನಿಂದ ಮಳೆ ಬಾರದಿದ್ದರೂ ಬೇರು ತೇವವನ್ನು ಹಿಂಬಾಲಿಸಿ ಕೆಳಕ್ಕಿಳಿಯುತ್ತದೆ.

ಆದರೆ ಇದೇ ಮಣ್ಣಿಗೆ ಒಂದು ದುರ್ಗುಣವಿದೆ. ಕುಗ್ಗಿ ಬಿರಿದಾಗ ಬಿರುಕಿನ ಗೋಡೆಗಳಿಂದ ಆಳದ ತೇವವೂ ಆವಿಯಾಗಿ ಹೋಗುತ್ತದೆ, ಎಳೆ ಬೇರುಗಳು ಹರಿಯುತ್ತವೆ. ಈ ಕಾರಣಕ್ಕಾಗಿಯೇ ರೈತನು ಜೋಳದ ಸಾಲುಗಳ ನಡುವೆ ಮತ್ತೆ ಮತ್ತೆ ಎಡೆ ಹೊಡೆಯುತ್ತಾನೆ. ಎಡೆಕುಂಟೆಯಿಂದ ಮೇಲ್ಮಣ್ಣು ಪುಡಿಯಾಗಿ ಬಿರುಕುಗಳ ಬಾಯಿ ಮುಚ್ಚುತ್ತದೆ. ಮೇಲೆ ಎರಡು-ಮೂರು ಅಂಗುಲ ಒಣ ಪುಡಿಮಣ್ಣು, ಕೆಳಗೆ ಕಾಪಾಡಿದ ತೇವ. 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆಂದು ದೇಶದಲ್ಲಿ ಆರಿಸಿಕೊಂಡ ಸ್ಥಳಗಳಲ್ಲಿ ಸೊಲ್ಲಾಪುರ, ವಿಜಾಪುರ, ರಾಯಚೂರು ಮತ್ತು ಬಳ್ಳಾರಿ ಸಮೀಪದ ಹಗರಿ ಸೇರಿದ್ದವು. ಈ ಸೀಮೆಯ ಸುತ್ತಮುತ್ತಲಿನ ಕೇಂದ್ರಗಳೇ ಅವು. ಮಳೆಗಾಲದಲ್ಲಿ ಹೊಲವನ್ನು ಸಣ್ಣ ಬದುಗಳಿಂದ ಚೌಕಗಳಾಗಿ ವಿಂಗಡಿಸಿ ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಇಂಗಿಸುವ ‘ಚೌಕು ಮಡಿ’ ಪದ್ಧತಿಯನ್ನು ಕೃಷಿ ಇಲಾಖೆ ಇಂದಿಗೂ ಶಿಫಾರಸು ಮಾಡುತ್ತದೆ.

ಹಿತ್ತಲಿಗೆ ಬೇಕಾದುದೂ ಇಷ್ಟೇ. ಮಳೆಗಾಲದಲ್ಲಿ ಚೌಕು ಮಡಿ, ಮಳೆ ನಿಂತ ಮೇಲೆ ಬಿರುಕು ತಡೆಯುವ ಹೊದಿಕೆ. ಹಿತ್ತಲಲ್ಲಿ ಕುಂಟೆ ಹೊಡೆಯಲಾಗದು, ಹೊಡೆಯುವ ಅಗತ್ಯವೂ ಇಲ್ಲ. ಕೊಯ್ದ ಹುಲ್ಲು ಮತ್ತು ಒಣ ಎಲೆಯನ್ನು ಸುಡದೆ ನಾಲ್ಕು ಬೆರಳು ದಪ್ಪ ಹರಡಿದರೆ ಎಡೆಕುಂಟೆಯ ಕೆಲಸವನ್ನು ಅದೇ ಮಾಡುತ್ತದೆ. ಹೊದಿಕೆ ಸಾಲದಾದರೆ ಈ ಮೂರು ತಾಲ್ಲೂಕುಗಳಲ್ಲಿ ಅದಕ್ಕೆ ಬರವಿಲ್ಲ. ಅಫಜಲಪುರ, ಆಳಂದಗಳಲ್ಲಿ ಕಬ್ಬು ಕಡಿದ ಮೇಲೆ ಹೊಲದಲ್ಲಿಯೇ ಸುಡುವ ರವದಿ ಇದೆ, ತೊಗರಿ ರಾಶಿಯ ನಂತರ ಉಳಿಯುವ ಹೊಟ್ಟು ಇದೆ. ದನಗಳಿಗೆ ಬೇಕಾದ ಜೋಳದ ಕಣಿಕೆಯನ್ನು ಮಾತ್ರ ಇದಕ್ಕೆ ಬಳಸುವುದು ಸಲ್ಲದು. ಗೆದ್ದಲಿನ ಕಾಟವಿರುವುದರಿಂದ ಈ ಹೊದಿಕೆಯು ಮನೆಯ ಗೋಡೆ, ಬಾಗಿಲು-ಚೌಕಟ್ಟುಗಳಿಂದ ಮೂರು ಅಡಿ ದೂರವಿರಬೇಕು.

ಇನ್ನೊಂದು ಎಚ್ಚರಿಕೆ ಎರೆ ನೆಲದಲ್ಲಿ ಮನೆ ಕಟ್ಟಿಕೊಂಡ ಎಲ್ಲರಿಗೂ ಸಲ್ಲುವಂಥದು. ಗೋಡೆಯ ಬುಡಕ್ಕೇ ಪಾತಿ ಮಾಡಿ ದಿನವೂ ನೀರು ಹಾಕಿದರೆ ಒಂದು ಕಡೆ ಮಣ್ಣು ಉಬ್ಬಿ, ಇನ್ನೊಂದು ಕಡೆ ಕುಗ್ಗಿ, ತಳಪಾಯ ಅಲುಗಾಡುತ್ತದೆ. ಕಾಂಪೌಂಡ್ ಗೋಡೆಗಳು ಓರೆಯಾಗಿ ಬಿರುಕುಬಿಡಲು ಇದೂ ಒಂದು ಕಾರಣ. ಗುಲಾಬಿ, ದಾಸವಾಳಗಳ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುವುದಕ್ಕೆ ಬಹುಪಾಲು ಹೊಣೆ ಈ ಮಣ್ಣಿನ ಸುಣ್ಣದ ಅಂಶದ್ದು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಕ್ಷಾರಗುಣದಿಂದಾಗಿ ಅದು ಬೇರಿಗೆ ದಕ್ಕದು. ಅಂಥ ಗಿಡಗಳಿಗೆ ಗೊಬ್ಬರದ ಮೇಲೆ ಗೊಬ್ಬರ ಸುರಿಯುವುದಕ್ಕಿಂತ, ಸುಣ್ಣವನ್ನು ಸಹಿಸುವ ಗಿಡಗಳನ್ನು ಆರಿಸುವುದು ಜಾಣತನ.

ಹೊಲವೇ ವಿನ್ಯಾಸಕಾರ

ಅವು ಯಾವ ಗಿಡಗಳು? ಉತ್ತರ ನರ್ಸರಿಯಲ್ಲಿಲ್ಲ, ಸಂತೆಯಲ್ಲಿದೆ.

ಹಳೆಯ ಪದ್ಧತಿಯ ಹೊಲವೊಂದನ್ನು ಅಕ್ಟೋಬರ್‌ನಿಂದ ಜನವರಿಯವರೆಗೆ ನೋಡಿದವರಿಗೆ ನಿಸರ್ಗ ಮಾದರಿ ತೋಟವೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ತೊಗರಿಯ ನಡುವೆ ನಿಂತ ಪುಂಡಿಯು ಕೆನೆಹಳದಿ ಬಣ್ಣದ, ಒಡಲಲ್ಲಿ ಕಡುಗೆಂಪು ಚುಕ್ಕೆಯಿಟ್ಟ ಹೂವನ್ನು ಬಿಡುತ್ತದೆ. ಗುರೆಳ್ಳಿನ ಹಳದಿ ಹೂವು ಬದುವಿನ ಉದ್ದಕ್ಕೂ ಚೆಲ್ಲಿರುತ್ತದೆ. ಅದು ಮಾಸುವ ಹೊತ್ತಿಗೆ ಅಗಸೆಯ ತಿಳಿನೀಲಿ ಹೂವು ಬೆಳಗಿನಲ್ಲಿ ಅರಳಿ ಮಧ್ಯಾಹ್ನಕ್ಕೆ ಉದುರುತ್ತದೆ. ಸಂಕ್ರಾಂತಿಯ ಸುಮಾರಿಗೆ ಹೊಲದ ಸುತ್ತ ದನಕರು ನುಗ್ಗದಂತೆ ಬೇಲಿಯಾಗಿ ಬಿತ್ತಿದ ಮುಳ್ಳು ಕುಸುಬೆ ಕೇಸರಿ ಬಣ್ಣ ತಾಳುತ್ತದೆ. ನಡುವೆ ಎತ್ತರಕ್ಕೆ ಜೋಳ. ಹುಲ್ಲಿನ ಹಾಸು, ಹೂವಿನ ಹೊಕ್ಕು, ಒಂದರ ನಂತರ ಒಂದು ಅರಳುವ ಸರದಿ, ಒಣಗಿದ ಮೇಲೂ ನಿಲ್ಲುವ ಆಕಾರ ಎಲ್ಲವೂ ಇಲ್ಲಿವೆ. ಷಿಕಾಗೋದಲ್ಲಿ ದೊಡ್ಡ ವೆಚ್ಚದಲ್ಲಿ ಮಾಡಿದ್ದನ್ನು ಇಲ್ಲಿ ಅಕ್ಕಡಿ ಸಾಲು ಎನ್ನುತ್ತಾರೆ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಒಂದೇ ಬೆಳೆಯ ಹೊಲಗಳು ಹೆಚ್ಚಾದಂತೆ ಈ ನೋಟವೂ ವಿರಳವಾಗುತ್ತಿದೆ ಎಂಬುದು ಜೊತೆಗೇ ನೆನಪಿಡಬೇಕಾದ ಸತ್ಯ.

ಹಿತ್ತಲಿನ ಒಂದು ಪಟ್ಟಿಯಲ್ಲಿ ಈ ಬೀಜಗಳನ್ನು ಹಸ್ತ ಮಳೆಯ ತೇವದಲ್ಲಿ ಬಿತ್ತಬಹುದು. ಕಿರಾಣಿ ಅಂಗಡಿಯಲ್ಲಿ ಅಡುಗೆಗೆಂದು ಸಿಗುವ ಹುರಿಯದ ಅಗಸೆ, ಗುರೆಳ್ಳುಗಳೇ ಸಾಕು, ಹಿಡಿಯಷ್ಟು ಬೀಜ ಒಂದು ಹಿತ್ತಲಿಗೆ ಹೆಚ್ಚಾಗುತ್ತದೆ. ಗುರೆಳ್ಳು, ಪುಂಡಿಗಳನ್ನು ಮುಂಗಾರಿನಲ್ಲಿಯೇ ಬಿತ್ತಿದರೆ ಶರತ್ಕಾಲದಲ್ಲಿ ಹೂವಾಗುತ್ತವೆ, ಅಗಸೆ, ಕುಸುಬೆಗಳಿಗೆ ಹಿಂಗಾರಿಯೇ ಸರಿಯಾದ ಕಾಲ. ಕುಸುಬೆಯ ಎಳೆ ಎಲೆಯೂ ಪಲ್ಯಕ್ಕೆ ಬರುತ್ತದೆ, ಪುಂಡಿ ಪಲ್ಯದ ಮಾತಂತೂ ಈ ಭಾಗದವರಿಗೆ ಹೇಳಬೇಕಾಗಿಯೇ ಇಲ್ಲ.

ಇವೆಲ್ಲ ಒಂದು ಹಂಗಾಮಿನ ಗಿಡಗಳು. ತೋಟಕ್ಕೆ ಎಲುಬು ಬೇಕಾದರೆ ವರ್ಷಗಟ್ಟಲೆ ಬಾಳುವವೂ ಇರಬೇಕು. ತಂಗಡಿ ಅವುಗಳಲ್ಲಿ ಮೊದಲನೆಯದು. ರಸ್ತೆ ಬದಿಯ ಗರಸಿನಲ್ಲಿ, ಯಾರೂ ನೀರೆರೆಯದೆ, ಬಂಗಾರದಂಥ ಹೂವು ಹೊತ್ತು ನಿಲ್ಲುವ ಇದನ್ನು ಮನೆಯಲ್ಲಿ ಬೆಳೆಸುವವರು ಕಡಿಮೆ. ಆಳಂದದ ಮಡ್ಡಿ ನೆಲಕ್ಕೆ ಇದಕ್ಕಿಂತ ಒಪ್ಪುವ ಪೊದೆ ಸಿಗುವುದು ಕಷ್ಟ. ಇದರ ಜಾತಿಯ ಗಿಡಗಳ ಎಲೆ ಕೆಲವು ಹಳದಿ ಚಿಟ್ಟೆಗಳ ಮರಿಹುಳುಗಳಿಗೆ ಆಹಾರ. ಕರಿಬೇವು ಮತ್ತು ನಿಂಬೆ ಗಿಡದಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳುಗಳೂ ಚಿಟ್ಟೆಯ ಮರಿಗಳೇ. ಔಷಧ ಸಿಂಪಡಿಸದೆ ನಾಲ್ಕು ಎಲೆ ಬಿಟ್ಟುಕೊಟ್ಟರೆ ಗಿಡ ಸಾಯದು. ಬಚ್ಚಲ ನೀರು ಹರಿಯುವಲ್ಲಿ ಲಾವಂಚ ಹಾಕಬಹುದು. ಅದರ ಬೇರು ನೇರವಾಗಿ ಆಳಕ್ಕಿಳಿದು ಮಣ್ಣನ್ನು ಹಿಡಿಯುತ್ತದೆ. ಕಣಗಿಲೆ ಬಿಸಿಲಿಗೆ ಜಗ್ಗದ ಗಿಡವೇ ಆದರೂ ಅದರ ಎಲ್ಲ ಭಾಗಗಳೂ ವಿಷ. ಪುಟ್ಟ ಮಕ್ಕಳು, ದನಕರು ಇರುವ ಮನೆಯಲ್ಲಿ ಬೇಡ. ಕಾರ್ತಿಕದ ಸೇವಂತಿಗೆ, ಮಹಾನವಮಿಗೂ ದೀಪಾವಳಿಗೂ ಬೇಕಾದ ಚೆಂಡು ಹೂ ಇವನ್ನು ಯಾರೂ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ.

ಮರದ ವಿಷಯದಲ್ಲಿ ಜಾಗ ನೋಡಿ ಆಸೆಪಡಬೇಕು. ಗಾಣಗಾಪುರದಲ್ಲಿ ದತ್ತಾತ್ರೇಯನ ಭಕ್ತರು ಔದುಂಬರವೆಂದು ಪೂಜಿಸುವ ಅತ್ತಿಯು ಹಕ್ಕಿಗಳ ಪಾಲಿಗೆ ಅನ್ನಛತ್ರ. ಆದರೆ 30x40 ಅಡಿಯ ನಿವೇಶನಕ್ಕೆ ಅದು ಹೊರೆ. ಅಂಥಲ್ಲಿ ಸೀತಾಫಲ, ನುಗ್ಗೆ, ನೆಲ್ಲಿ ಸಾಕು. ಆಳಂದದ ಗಡಿಯಾಚೆಯ ಮರಾಠಿ ಸೀಮೆಯಲ್ಲಿ ದಸರೆಯ ಬಂಗಾರವೆಂದು ಹಂಚುವ ಆಪಟಾ ಎಲೆಯ ಮರ ಕೂಡ ಸಣ್ಣ ಗಾತ್ರದ್ದು, ಒಣ ನೆಲಕ್ಕೆ ಹೇಳಿ ಮಾಡಿಸಿದ್ದು. ಬೇಗ ಹಸಿರಾಗುತ್ತದೆಂದು ನರ್ಸರಿಯವರು ಹೊಗಳುವ ಕೊನೊಕಾರ್ಪಸ್ ಬಗ್ಗೆ ಎಚ್ಚರಿಕೆ ಅಗತ್ಯ. ಗುಜರಾತ್ ಸರ್ಕಾರ 2023ರಲ್ಲಿ ಅದರ ನೆಡುವಿಕೆಯನ್ನೇ ನಿಷೇಧಿಸಿತು.

‘ತಾನಾಗಿ ಬೆಳೆದದ್ದೆಲ್ಲ ಇರಲಿ’ ಎಂಬುದೂ ತಪ್ಪು ತಿಳಿವಳಿಕೆ. ಕಾಂಗ್ರೆಸ್ ಕಸವನ್ನು ಹೂವಾಗುವ ಮೊದಲೇ, ಕೈಗವಸು ಹಾಕಿಕೊಂಡು ಬೇರುಸಹಿತ ಕೀಳಬೇಕು. ಚರ್ಮದ ತುರಿಕೆ, ಉಬ್ಬಸಗಳಿಗೆ ಅದು ಕುಖ್ಯಾತ. ಬಳ್ಳಾರಿ ಜಾಲಿಯ ಸಸಿ ಗೇಣುದ್ದವಿರುವಾಗ ಕಿತ್ತರೆ ಎರಡು ಬೆರಳಿನ ಕೆಲಸ, ಎರಡು ವರ್ಷ ಬಿಟ್ಟರೆ ಕೊಡಲಿಯ ಕೆಲಸ. ನಿಸರ್ಗ ಮಾದರಿ ತೋಟದಲ್ಲಿ ಕಳೆ ಕೀಳುವ ಶ್ರಮ ತಪ್ಪುವುದಿಲ್ಲ. ಯಾವುದು ಕಳೆ ಎಂಬ ತಿಳಿವಳಿಕೆ ಮಾತ್ರ ಬದಲಾಗುತ್ತದೆ.

ಫರಸಿ, ಲಾನ್ ಮತ್ತು ನೀರು

ಶಹಾಬಾದ ಕಲ್ಲು ಕೈಗೆಟುಕುವ ಸೀಮೆಯಿದು. ಅಂಗಳಕ್ಕೆ ಮಾತ್ರವಿದ್ದ ಫರಸಿ ಈಗ ಹಿತ್ತಲಿಗೂ ಹಬ್ಬಿ, ಕಾಂಪೌಂಡಿನ ಅಂಚಿನವರೆಗೆ ಸಿಮೆಂಟ್ ಹಾಕುವುದು ಪಟ್ಟಣಗಳಲ್ಲಿ ಸಾಮಾನ್ಯವಾಗಿದೆ. ಕೆಸರಿಲ್ಲವೆಂಬುದು ಲಾಭ. ಮಳೆಯ ನೀರು ಇಂಗದೆ ಗಟಾರಕ್ಕೆ ಹೋಗುವುದು, ಕಾದ ಕಲ್ಲು ರಾತ್ರಿಯಿಡೀ ಬಿಸಿಯುಗುಳುವುದು ನಷ್ಟ. ಕಲ್ಲುಗಳ ಸಂದಿಗೆ ಸಿಮೆಂಟ್ ಬದಲು ಗರಸು ತುಂಬಿ ಗರಿಕೆ ಬಿಟ್ಟರೆ ಎರಡೂ ನಡೆಯುತ್ತದೆ.

ಲಾನ್ ಹಾಕುವ ಆಸೆಗೆ ಲೆಕ್ಕವೇ ಉತ್ತರ. 200 ಚದರ ಅಡಿ ಎಂದರೆ ಸುಮಾರು 18.6 ಚದರ ಮೀಟರ್. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ನೀರೆಂದು ಹಿಡಿದರೂ ಅಷ್ಟು ಲಾನ್‌ಗೆ ದಿನಕ್ಕೆ 93 ಲೀಟರ್ ಬೇಕು. ಅಂದರೆ ಆರೇಳು ಕೊಡ. ನಳದ ನೀರಿಗಾಗಿ ಕೊಡಗಳ ಸಾಲು ನಿಲ್ಲುವ ಏಪ್ರಿಲ್-ಮೇ ತಿಂಗಳಲ್ಲಿ ಇದು ನೀರಿನ ಪ್ರಶ್ನೆಯಷ್ಟೇ ಆಗಿರದೆ ಮರ್ಯಾದೆಯ ಪ್ರಶ್ನೆಯೂ ಆದೀತು. ಇದಕ್ಕೆ ಎದುರಾಗಿ, 1,000 ಚದರ ಅಡಿಯ ಮಾಳಿಗೆಯ ಮೇಲೆ 750 ಮಿಲಿ ಮೀಟರ್ ಮಳೆ ಬಿದ್ದರೆ ಅದು ಸುಮಾರು 70 ಸಾವಿರ ಲೀಟರ್. ಐದರಲ್ಲೊಂದು ಪಾಲು ವ್ಯರ್ಥವಾದರೂ 55 ಸಾವಿರ ಲೀಟರ್ ಉಳಿಯುತ್ತದೆ. ಮಾಳಿಗೆಯ ಕೊಳವೆಯನ್ನು ಗಟಾರಕ್ಕೆ ಬಿಡದೆ, ಗೋಡೆಯಿಂದ ಹತ್ತಡಿ ದೂರದ ಒಂದು ತಗ್ಗಾದ ಪಾತಿಗೆ ತಿರುಗಿಸುವುದು ಗೌಂಡಿಯ ಅರ್ಧ ದಿನದ ಕೆಲಸ.

ಹಾವಿನ ಭಯ, ನೆರೆಯವರ ಮಾತು

ಹುಲ್ಲು ಬಿಟ್ಟರೆ ಹುಳುಹುಪ್ಪಟೆ ಬರುತ್ತವೆ ಎಂಬ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲಗಳು ಈ ಭಾಗದಲ್ಲಿವೆ. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರವು ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಸಮಸ್ಯೆಯ ಗಾಂಭೀರ್ಯಕ್ಕೆ ಸಾಕ್ಷಿ. ಆದರೆ ಹಾವು ಅರಸಿ ಬರುವುದು ಇಲಿಯನ್ನು, ಅಡಗುವುದು ಬಿರುಕು, ಕಲ್ಲಿನ ರಾಶಿ, ಕಟ್ಟಿಗೆಯ ಒಟ್ಟಿಲುಗಳಲ್ಲಿ. ಬೋಳು ಹಿತ್ತಲಿನ ಬಿರುಕೂ ಅದಕ್ಕೆ ಮನೆಯೇ. ಮನೆಯ ಸುತ್ತ ಆರು ಅಡಿ ನೆಲವನ್ನು ಕಸಬರಿಗೆ ಆಡುವಂತೆ ತೆರವಾಗಿಡುವುದು, ಬಚ್ಚಲು ಮತ್ತು ನೀರಿನ ತೊಟ್ಟಿಗೆ ಹೋಗುವ ದಾರಿಯನ್ನು ಮೂರು ಅಡಿ ಅಗಲ ಬಿಡುವುದು, ಕಾಳುಕಡಿ ಚೆಲ್ಲದಿರುವುದು, ರಾತ್ರಿ ಬ್ಯಾಟರಿ ಇಲ್ಲದೆ ಓಡಾಡದಿರುವುದು ಕನಿಷ್ಠ ನಿಯಮಗಳು. ಎತ್ತರದ ಹುಲ್ಲು ಹಿತ್ತಲಿನ ದೂರದ ಅಂಚಿಗಿರಲಿ. ಪುಟ್ಟ ಮಕ್ಕಳಿರುವ ಮನೆಯವರು ಹುಲ್ಲನ್ನು ಮೊಳಕಾಲು ಮೀರಗೊಡದಿದ್ದರೂ ತೋಟ ಕೆಡುವುದಿಲ್ಲ.

ಸೊಳ್ಳೆಯ ಹೊಣೆಯನ್ನಂತೂ ಹುಲ್ಲಿನ ಮೇಲೆ ಹೊರಿಸುವಂತಿಲ್ಲ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ತೆರೆದ ಡ್ರಮ್ಮು, ಒಡೆದ ಕುಂಡ, ಟೈರುಗಳಲ್ಲಿ ನಿಂತ ನೀರಿನಲ್ಲಿ.

ಉಳಿದದ್ದು ಜನರ ಮಾತು. ‘ಕಸಾ ಬೆಳಸ್ಯಾರ ನೋಡ್ರಿ’ ಎಂಬ ಒಂದು ಮಾತಿಗೆ ಅಂಜಿ ಕುಡುಗೋಲು ಹಿಡಿದವರೇ ಹೆಚ್ಚು. ಅಮೆರಿಕದ ಭೂದೃಶ್ಯ ವಿನ್ಯಾಸದ ವಿದ್ವಾಂಸೆ ಜೋನ್ ನಸಾವರ್ 1995ರಲ್ಲಿ ಪ್ರಕಟಿಸಿದ ಬಹುಚರ್ಚಿತ ಲೇಖನವೊಂದರಲ್ಲಿ ಇದೇ ಸಮಸ್ಯೆಯನ್ನು ಚರ್ಚಿಸಿದರು. ಒಳಗೆ ಎಷ್ಟೇ ಕಾಡಿನಂತಿರಲಿ, ಅಂಚು ಮಾತ್ರ ಅಚ್ಚುಕಟ್ಟಾಗಿದ್ದರೆ ನೋಡುವವರು ಅದನ್ನು ಅಲಕ್ಷ್ಯವೆನ್ನದೆ ಆರೈಕೆಯೆಂದು ಗುರುತಿಸುತ್ತಾರೆ ಎಂಬುದು ಅವರ ವಾದದ ಸಾರ. ಕನ್ನಡದ ಮನೆಗೆ ಇದು ಹೊಸ ಪಾಠವೇನಲ್ಲ. ಸಾರಿಸಿದ ಅಂಗಳ, ರಂಗೋಲಿ, ಸುಣ್ಣ ಬಳಿದ ತುಳಸಿಕಟ್ಟೆ ಇವೇ ಆ ಅಂಚು. ಕಾರ್ತಿಕ ಶುದ್ಧ ದ್ವಾದಶಿಯ ತುಳಸಿ ಲಗ್ನದ ಸಂಜೆ ನೆಲ್ಲಿಯ ಟೊಂಗೆ, ಕಬ್ಬಿನ ಜಲ್ಲೆಗಳ ನಡುವೆ ದೀಪ ಹಚ್ಚಿದಾಗ, ಹಿಂದೆ ಬಂಗಾರದ ಬಣ್ಣಕ್ಕೆ ತಿರುಗಿದ ಹುಲ್ಲಿನ ಸಾಲು ನಿಂತಿದ್ದರೆ ಅದನ್ನು ಯಾರೂ ಕಸವೆನ್ನಲಾರರು.

ಹೊಳೆಯ ದಂಡೆಯವರಿಗೆ

ಭೀಮಾ ದಂಡೆಯ ಊರುಗಳ ಕತೆ ಸ್ವಲ್ಪ ಬೇರೆ. 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್ ಕೊನೆಯಲ್ಲಿ, ಹೊಳೆ ಉಕ್ಕಿ ಅಫಜಲಪುರ, ಜೇವರ್ಗಿ ಭಾಗದ ಹೊಲ-ಮನೆಗಳನ್ನು ನುಗ್ಗಿದಾಗ ಹಿತ್ತಲಿನ ಮಾತೆತ್ತುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ನೆರೆ ಇಳಿದ ಮೇಲೆ ಉಳಿಯುವ ಹೂಳು ಒಣಗಿ ಹೆಂಚಿನಂತೆ ಗಟ್ಟಿಯಾಗುತ್ತದೆ. ಹಸಿಯಿರುವಾಗ ಅದನ್ನು ತುಳಿದರೆ, ಅಗೆದರೆ ಮಣ್ಣಿನ ಉಸಿರು ಕಟ್ಟುತ್ತದೆ. ಮೇಲ್ಪದರ ಆರಿ ಬಿರಿಯತೊಡಗಿದಾಗ ಮೆಲ್ಲಗೆ ಸಡಿಲಿಸಿ ಹೊದಿಕೆ ಹಾಕುವುದು ಸರಿಯಾದ ಕ್ರಮ. ನೀರಿನೊಡನೆ ಬಂದ ಕಳೆಬೀಜಗಳು ಮೊಳೆಯುವುದರಿಂದ ಮೊದಲ ವರ್ಷ ಹೆಚ್ಚಿನ ನಿಗಾ ಬೇಕು. ಕೆಲವು ದಿನ ಮುಳುಗಿದ್ದರೂ ತಾಳಿಕೊಳ್ಳುವ ಲಾವಂಚ, ತೇವದ ದಂಡೆಯನ್ನೇ ಇಷ್ಟಪಡುವ ಅತ್ತಿ ಇಂಥಲ್ಲಿ ಮೊದಲ ಆಯ್ಕೆ.

ಕತ್ತರಿಸುವುದು ಯಾವಾಗ?

ಒಣಗಿದ ಕಡ್ಡಿಗಳೊಳಗೆ ಒಂಟಿಯಾಗಿ ಬದುಕುವ ಜೇನ್ನೊಣ ಜಾತಿಯ ಹುಳುಗಳು ಗೂಡು ಮಾಡುತ್ತವೆ. ಗುಲಾಬಿ ಎಲೆಯ ಅಂಚನ್ನು ದುಂಡಗೆ ಕತ್ತರಿಸಿಕೊಂಡು ಹೋಗುವ ಎಲೆಕತ್ತರಿ ನೊಣ ಅವುಗಳಲ್ಲೊಂದು. ತೊಗರಿಯ ಹೂವಿಗೆ ಪರಾಗ ಮುಟ್ಟಿಸುವವರ ಸಾಲಿನಲ್ಲಿ ಅದರ ಹೆಸರು ಮೇಲಿದೆ. ತೊಗರಿಯನ್ನು ನಂಬಿದ ಜಿಲ್ಲೆಯಲ್ಲಿ ಆ ಗೂಡುಗಳನ್ನು ಅಕ್ಟೋಬರ್‌ನಲ್ಲಿಯೇ ಸುಡುವುದು ಕೈಯಾರೆ ಮಾಡಿಕೊಳ್ಳುವ ನಷ್ಟ. ಹಾಗೆಂದು ಬೇಸಿಗೆಯವರೆಗೂ ಬಿಡುವಂತಿಲ್ಲ. ಏಪ್ರಿಲ್‌ನ ಬಿಸಿಲಿಗೆ ಒಣಹುಲ್ಲು ಒಂದು ಕಿಡಿಗೆ ಕಾದಿರುತ್ತದೆ.

ಆದ್ದರಿಂದ ಶಿವರಾತ್ರಿ ಮುಗಿದ ಮೇಲಿನ ವಾರ ಈ ನೆಲಕ್ಕೆ ಹೊಂದುವ ಗಡುವು. ಹುಲ್ಲನ್ನು ಬುಡದಿಂದ ಗೇಣೆತ್ತರಕ್ಕೆ, ದಪ್ಪ ಕಡ್ಡಿಗಳನ್ನು ಒಂದಡಿ ಎತ್ತರಕ್ಕೆ ಕತ್ತರಿಸಬೇಕು. ಮುಂದಿನ ಮಳೆಗಾಲದಲ್ಲಿ ಬೇಕಾಗುವ ಬೀಜವನ್ನು ಆಗಲೇ ತೆಗೆದು ಬೂದಿ ಬೆರೆಸಿ ಕಟ್ಟಿಡಬೇಕು. ಕತ್ತರಿಸಿದ್ದನ್ನು ಮನೆಯಿಂದ ದೂರದ ಪಾತಿಗಳಲ್ಲಿ ಹಾಸಿ, ಮೇಲೆ ಒಂದು ಪುಟ್ಟಿ ಮಣ್ಣು ಚೆಲ್ಲಿದರೆ ಗಾಳಿಗೂ ಹಾರದು, ಬೆಂಕಿಗೂ ಸುಲಭವಾಗಿ ಸಿಗದು. ಅಷ್ಟರಲ್ಲಿ ಬೇವಿನ ಎಲೆ ಉದುರತೊಡಗಿರುತ್ತದೆ. ಅದನ್ನೂ ಗುಡಿಸಿ ಅಲ್ಲಿಗೇ ಹಾಕಬಹುದು.